ಏಳನೇ ತರಗತಿಯ ಶಿಸ್ತು

ಗೆಳೆಯರೇ, ಇವತ್ತು ನಾನು ಕಲಿಸಿದ ಶಿಸ್ತೇ ನನ್ನನ್ನು ಸುಟ್ಟುಬಿಡುತ್ತಿತ್ತು! ಸಿರುಗುಪ್ಪದ ನಮ್ಮ ಮಿಡ್ಲ್ ಸ್ಕೂಲಿಗೆ ಮೊದಲ ಸ್ಪಿರಿಟ್ ದೀಪ ಬಂದಿದೆ. ವಿಜ್ಞಾನದ ಪಾಠಕ್ಕೆಂದು ಅದನ್ನು ಮೇಜಿನ ಮೇಲೆ ಹಚ್ಚಿಟ್ಟು, ಮೇಜಿಗೆ ಬೆನ್ನು ಮಾಡಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಒಂದು ಮಗುವೂ ಪಿಟ್ಟೆನ್ನಲಿಲ್ಲ. ಸುಟ್ಟ ವಾಸನೆ ಬಂದು ತಿರುಗಿದರೆ, ಎಲ್ಲರೂ ಕೈ ಎತ್ತಿ ಕೂತಿದ್ದಾರೆ, ಕಣ್ಣಲ್ಲಿ ನೀರು. ನನ್ನ ಸೆರಗು ಉರಿಯುತ್ತಿದೆ!

ಕುಡಿಯುವ ನೀರಿನ ಕೊಡದಲ್ಲಿ ಸೆರಗು ಅದ್ದಿ, "ಯಾಕ್ರಲೇ ಯಾರೂ ಹೇಳಲಿಲ್ಲ?" ಎಂದು ಕೂಗಿದೆ.

ಮುಂದಿನ ಸಾಲಿನ ಈರಮ್ಮ ಎದ್ದು ನಿಂತಳು: "ಹೆಸರು ಕರಿಯೋತನಕ ಬಾಯಿ ಬಿಡಬಾರದು ಅಂತ ನೀವ ಹೇಳಿದ್ರಲ್ರಿ ಟೀಚರ್."

ಸೆರಗು ಆರಿಸುವಾಗ ಬೆರಳಿಗೆ ಎದ್ದ ಬೊಬ್ಬೆ ವಾರದಲ್ಲಿ ಮಾಯಬಹುದು. ಆದರೆ ಗೋಡೆಗೆ ನಾನೇ ಅಂಟಿಸಿದ ನಿಯಮಗಳು ಇನ್ನೂ ಹನ್ನೊಂದಿವೆ. ಎಲ್ಲವನ್ನೂ ಮಕ್ಕಳು ಬಾಯಿಪಾಠ ಮಾಡಿದ್ದಾರೆ.