ವೇದಿಕೆ ಮುಂದಿನ ಒದ್ದೆ ನೆಲ

ಗೆಳೆಯರೇ, ಇವತ್ತು ಲೋಕಿಕೆರೆ ಬಳಿಯ ಕುದುರೆ ಓಟದಲ್ಲಿ ಹರಿಹರದ ರುದ್ರಪ್ಪನವರ ಕುದುರೆ ಜಾರಿ ಬಿದ್ದು ಮುಂಗಾಲು ಮುರಿದುಕೊಂಡಿತು. ದಾರಿಯೆಲ್ಲ ಗಟ್ಟಿ ಒಣನೆಲ. ಅತಿಥಿಗಳು ಕೂತಿದ್ದ ವೇದಿಕೆ ಮುಂದೆ ಮಾತ್ರ ಟ್ಯಾಂಕರ್ ನೀರು ಹೊಡೆಸಿ ಕೆಸರು ಮಾಡಿದ್ದರು. ಅದೇ ವೇಗದಲ್ಲಿ ಬಂದ ಕುದುರೆಗೆ ಅದೇನು ಗೊತ್ತು?

ಸಮಿತಿಯವರೊಬ್ಬರನ್ನು ಹಿಡಿದು ಕೇಳಿದೆ: “ಇಲ್ಲಿ ಮಾತ್ರ ಯಾಕ್ರಿ ನೀರು?”

“ಗೆಸ್ಟ್‌ಗಳ ಮ್ಯಾಲೆ ಧೂಳು ಬೀಳ್ತೈತೆ ಸರ್. ಪ್ರತಿ ವರ್ಷಾನೂ ಹಿಂಗೇ ಹೊಡಿಸ್ತೀವಿ.”

“ಓಟಕ್ಕೆ ಮುಂಚೆ ಯಾರಾದ್ರೂ ಈ ದಾರೀಲಿ ನಡೆದು ನೋಡಿದ್ರಾ?”

“ಕುದ್ರೆ ಓಡೋ ದಾರೀಲಿ ನಾವ್ಯಾಕ ನಡೀಬೇಕ್ರಿ?”

ರುದ್ರಪ್ಪ ಕೆಸರಲ್ಲೇ ಕೂತು ಕುದುರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಪಶುವೈದ್ಯರು ಕಾಲು ಮುಟ್ಟಿ ನೋಡಿ, ಆಗಲ್ಲವೆಂದು ತಲೆಯಾಡಿಸಿ, ನರಳದೆ ಸಾಯಲೆಂದು ಕೊನೆಯ ಇಂಜೆಕ್ಷನ್ ಕೊಟ್ಟರು. ಅಷ್ಟರಲ್ಲಿ ಮೈಕ್ ಕೂಗಿತು: “ಬೇಗ ಸರಿಸ್ರಿ, ಮುಂದಿನ ಓಟ ಐತೆ!”

ತಲೆಯೆತ್ತಿ ವೇದಿಕೆ ಕಡೆ ನೋಡಿದೆ. ಬಿಳಿ ಅಂಗಿಗಳ ಮೇಲೆ ಚೂರೂ ಧೂಳಿರಲಿಲ್ಲ.