ಪ್ಯಾಕೆಟ್ ಸ್ಟಫಿಂಗ್ ಮತ್ತು ಮಿಸ್ ಅವರ ಚಮಚ

ಟಕ್ ಟಕ್. ಮರದ ಚಮಚ ಪಾತ್ರೆಯ ಅಂಚಿಗೆ ಎರಡು ಸಲ ಬಡಿದರೆ ಪಾಸ್. ಒಂದೇ ಸಲ ಬಡಿದರೆ ಏನೋ ಕಡಿಮೆಯಾಗಿದೆ, ಸರಿಮಾಡಿ ಮತ್ತೆ ತರಬೇಕು. ಬಡಿಯದೆ ಚಮಚ ಕೆಳಗಿಟ್ಟರೆ ಆ ಅಡುಗೆಯ ಮಾತೇ ಬೇಡ. ನಮ್ಮ ಕಾನ್ವೆಂಟಿನ ಡೊಮೆಸ್ಟಿಕ್ ಸೈನ್ಸ್ ಕ್ಲಾಸಿನಲ್ಲಿ ಮಿಸ್ ಬಾಯಿಬಿಟ್ಟು ಮಾರ್ಕ್ಸ್ ಹೇಳಿದ್ದೇ ಇಲ್ಲ. ನಾವು ಹುಡುಗಿಯರು ಏಪ್ರನ್ ಕಟ್ಟಿಕೊಂಡು ಆ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತಿದ್ದೆವು. ನನಗೆ ಸಿಗುತ್ತಿದ್ದುದು ಹೆಚ್ಚಾಗಿ ಒಂದೇ ಟಕ್.

ಸ್ಟಫಿಂಗ್ ಮಾಡಲು ಕಲಿಸಿದ್ದೂ ಅವರೇ. ಹಾಸ್ಟೆಲ್ಲಿನಲ್ಲಿ ಉಳಿದ ಬ್ರೆಡ್ಡನ್ನು ಒಣಗಿಸಿ, ಪುಡಿಮಾಡಿ, ಈರುಳ್ಳಿ, ಬೆಣ್ಣೆ, ಸೊಪ್ಪು ಸೇರಿಸಿ ಕೋಳಿಯ ಹೊಟ್ಟೆಗೆ ತುಂಬುವುದು. ಡಿಸೆಂಬರ್ ರಜೆಗೆ ಮುಂಚಿನ ಕೊನೆಯ ಪಾಠ ಅದು. ಯಾರಾದರೂ ಜೆಲ್ಲಿ ಪ್ಯಾಕೆಟ್ ತಂದರೆ, "ಪ್ಯಾಕೆಟ್ ಈಸ್ ಫಾರ್ ಲೇಜಿ ಗರ್ಲ್ಸ್" ಎಂದು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಮೇಲೆ ಇಟ್ಟುಬಿಡುತ್ತಿದ್ದರು.

ಮದುವೆಯಾಗಿ ನಾನು ತಿತಿಮತಿ ಕಡೆಯ ಕಾಫಿ ಎಸ್ಟೇಟಿಗೆ ಬಂದೆ. ರಿಟೈರ್ ಆದ ಮೇಲೆ ಮಿಸ್ ಅಮ್ಮತ್ತಿಯ ಹತ್ತಿರ ಒಂದು ಸಣ್ಣ ಮನೆ ಮಾಡಿದರು. ಅವರು ಮದುವೆಯಾಗಲಿಲ್ಲ. ನಮ್ಮ ಮನೆಯಲ್ಲಿ ಹುತ್ತರಿ ಮುಗಿದು, ಹೊಸ ಅಕ್ಕಿಯ ಪಾಯಸದ ಸಂಭ್ರಮವೆಲ್ಲ ಇಳಿದ ಮೇಲೆ ಅವರ ಕ್ರಿಸ್‌ಮಸ್ ಬರುತ್ತಿತ್ತು. ಪ್ರತಿ ವರ್ಷ ನಾನು ಒಂದು ಬುಟ್ಟಿ ಕಿತ್ತಳೆ ಹಿಡಿದು ಲಂಚ್‌ಗೆ ಹೋಗುತ್ತಿದ್ದೆ. ಅವರ ಸ್ಟಫಿಂಗ್ ತಿಂದು, ನನ್ನದು ಯಾಕೆ ಹೀಗಾಗುವುದಿಲ್ಲ ಎಂದು ಯೋಚಿಸುತ್ತಾ ವಾಪಸಾಗುತ್ತಿದ್ದೆ.

ಒಂದು ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಎರಡು ವಾರದಲ್ಲಿ ಜ್ವರ ಹೋಯಿತು, ಆದರೆ ವಾಸನೆ ಮಾತ್ರ ತಿರುಗಿ ಬರಲಿಲ್ಲ. ಕಾಫಿಯೂ ಒಂದೇ, ಬಿಸಿನೀರೂ ಒಂದೇ. ಡಿಸೆಂಬರ್‌ನಲ್ಲಿ ಫೋನ್ ಮಾಡಿ, "ಈ ವರ್ಷ ಲಂಚ್ ಇಲ್ಲ ಚೈಲ್ಡ್, ಟೀಗೆ ಬಾ" ಎಂದರು. ಎಪ್ಪತ್ತು ದಾಟಿದ ನನ್ನನ್ನು ಚೈಲ್ಡ್ ಎನ್ನುವವರು ಬೇರೆ ಯಾರೂ ಉಳಿದಿರಲಿಲ್ಲ. ಟೀಗೆ ಎಂದರೂ ನಾನು ಬೆಳಗ್ಗೆಯೇ ಕೋಳಿ ಹಿಡಿದು ಹೊರಟೆ.

ಮಿಸ್ ಅವರ ಕತ್ತಿನ ಎಲುಬು ಕಾಣುತ್ತಿತ್ತು. ಹಬ್ಬದ ನೀಲಿ ಡ್ರೆಸ್ ಹ್ಯಾಂಗರಿಗೆ ಹಾಕಿದಂತೆ ಜೋತಾಡುತ್ತಿತ್ತು. ಮನೆಗೆಲಸದಾಕೆ ಶಿರಂಗಾಲದ ಕಡೆಯವಳು, ಹತ್ತು ವರ್ಷದಿಂದ ಅವರ ಜೊತೆಗಿದ್ದವಳು, ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು: "ನಾಕ್ ತುತ್ತು ತಿಂದ್ರೆ ಹೆಚ್ಚು ಅಕ್ಕಾ. ಹಿಂಗೇ ಆದ್ರೆ ಉಳಿಯಾಕಿಲ್ಲ ಟೀಚರಮ್ಮ."

ಅವರು ಒಂದು ತಟ್ಟೆ ಊಟ ಮಾಡಬೇಕು. ನನಗೆ ಬೇಕಿದ್ದುದು ಅಷ್ಟೇ.

ಕಪಾಟಿನ ಮೇಲೆ ದುಬೈಯಿಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳಿಸಿದ ಸ್ಟಫಿಂಗ್ ಮಿಕ್ಸ್ ಪ್ಯಾಕೆಟ್ ಇತ್ತು. ಬಿಸಿನೀರು ಹಾಕಿ ಕಲಸಿ, ಅಷ್ಟೇ ಸಾಕು ಎಂದು ಬರೆದಿತ್ತು. ನಾನು ಅರ್ಧವನ್ನು ಬಟ್ಟಲಿಗೆ ಸುರಿದೆ. ಬೂದುಬಣ್ಣದ ಹುಡಿ.

"ಇದೇನ್ ಉಪ್ಪಿಟ್ಟಿನ ರವೆನಾ ಅಕ್ಕಾ?"

"ಒಣ ಬ್ರೆಡ್ಡು ಕಣೆ. ಕೋಳಿ ಹೊಟ್ಟೆಗೆ ತುಂಬೋದು."

"ಹೊಟ್ಟೇಲಿರೋದ್ನೆಲ್ಲ ತೆಗ್ದಾಕಿ ಮತ್ತೆ ತುಂಬ್ತೀರಾ? ಒಳ್ಳೆ ಕೆಲ್ಸ ಬುಡಿ."

ಹೊರಗಿನ ಕುರ್ಚಿಯಿಂದ ಮಿಸ್ ಅವರ ದನಿ ಬಂತು: "ಬಾಯಿ ಸದ್ದು ಜಾಸ್ತಿ, ಚಮಚದ ಸದ್ದು ಕಮ್ಮಿ."

ಪ್ಯಾಕೆಟ್ಟನ್ನು ಮನುಷ್ಯರು ತಿನ್ನುವಂತೆ ಮಾಡಲು ನಾನು ಬಲ್ಲದ್ದನ್ನೆಲ್ಲ ಮಾಡಿದೆ. ತುಪ್ಪದಲ್ಲಿ ಈರುಳ್ಳಿ ಕೆಂಪಗೆ ಹುರಿದೆ. ಕೋಳಿಯ ಲಿವರ್ ಸಣ್ಣಗೆ ಹೆಚ್ಚಿ ಹಾಕಿದೆ. ಬೇಲಿಯ ಬದಿಯ ಕಾಡು ಕೊತ್ತಂಬರಿ, ನಮ್ಮ ತೋಟದ ಕಿತ್ತಳೆಯ ಸಿಪ್ಪೆ ತುರಿದು ಸೇರಿಸಿದೆ. ನೀರಿನ ಬದಲು ಕೋಳಿಯ ಕತ್ತು, ಕಾಲು ಬೇಯಿಸಿದ ರಸ. ಹೊಟ್ಟೆ ತುಂಬಿದ ಕೋಳಿ ಓವನ್‌ನಲ್ಲಿ ಬೇಯುವಾಗ ಪರಿಮಳ ಗೇಟಿನವರೆಗೂ ಹೋಗಿರಬೇಕು. ನನಗೆ ಹೆಮ್ಮೆಯೋ ಹೆಮ್ಮೆ.

ಸ್ಟಫಿಂಗನ್ನು ಬಟ್ಟಲಿಗೆ ತೆಗೆದು ಮಿಸ್ ಅವರ ಮೂಗಿನ ಹತ್ತಿರವೇ ಹಿಡಿದೆ.

"ಏನಿದು ಚೈಲ್ಡ್?" ಎಂದರು.

ಆಗ ನನಗೆ ಗೊತ್ತಾಯಿತು. ಅರ್ಧ ದಿನ ನಾನು ಮಾಡಿದ್ದೆಲ್ಲ ಮೂಗಿಗೆ, ಅದೂ ನನ್ನ ಮೂಗಿಗೆ. ಅವರು ಒಂದು ಚಮಚ ಬಾಯಿಗಿಟ್ಟು ನಿಧಾನವಾಗಿ ಅಗಿದರು. "ವೆರಿ ನೈಸ್" ಎಂದರು. ದಡ್ಡ ಹುಡುಗಿಯರ ತಾಯಂದಿರ ಹತ್ತಿರ ಹೇಳುತ್ತಿದ್ದ ವೆರಿ ನೈಸ್ ಅದು. ಆಮೇಲೆ ಚಮಚವನ್ನು ಸದ್ದಿಲ್ಲದೆ ಕೆಳಗಿಟ್ಟರು.

ನಾನು ಬಟ್ಟಲು ಹಿಡಿದು ಒಳಗೆ ಬಂದು ಸಿಂಕಿನ ಮುಂದೆ ನಿಂತೆ. ಮನೆಗೆಲಸದಾಕೆ ನನ್ನ ಮುಖವನ್ನೊಮ್ಮೆ ನೋಡಿದಳು. ಒಲೆಯ ಮೇಲೆ ಕಬ್ಬಿಣದ ಕಾವಲಿ ಇಟ್ಟು, ಪ್ಯಾಕೆಟ್ಟಿನ ಉಳಿದರ್ಧ ಸುರಿದು ಹುರಿಯತೊಡಗಿದಳು.

"ನಾನು ದಿನಾ ತಟ್ಟೆ ತೊಳಿಯೋಳು ಅಕ್ಕಾ. ಏನ್ ಉಳಿತೈತೆ, ಏನ್ ಉಳಿಯಾಕಿಲ್ಲ ಅಂತ ನಂಗೊತ್ತು. ದೋಸೆಲಿ ಗರಿಗರಿ ಅಂಚು ಮಾತ್ರ ತಿಂತಾರೆ, ಮೆತ್ತಗಿರೋದು ಹಂಗೇ ಇರ್ತದೆ. ಉಪ್ಪಿನಕಾಯಿ ಒಂದ್ ಚೂರೂ ಬುಡಾಕಿಲ್ಲ."

ವರ್ಷಕ್ಕೊಮ್ಮೆ ಕಿತ್ತಳೆ ಹಿಡಿದು ಬರುವವಳಿಗೆ ಇದು ಹೇಗೆ ಗೊತ್ತಾಗಬೇಕು? ನಾನು ಕರಿಮೆಣಸು ಜಜ್ಜಿಕೊಟ್ಟೆ. ಆಕೆ ಒಂದು ಹಿಡಿ ಹಾಕಿದಳು. ಹಂದಿಮಾಂಸದ ಪಂದಿ ಕರಿಗೆಂದು ನಾನು ಹಿಂದೆ ಕೊಟ್ಟಿದ್ದ ಕಾಚಂಪುಳಿಯ ಬಾಟಲಿ ಇತ್ತು. ಆ ಕಪ್ಪು ಹುಳಿಯನ್ನು ಒಂದು ಚಮಚ ಸುತ್ತಲೂ ಚಿಮುಕಿಸಿ, ಅದು ಆರಿ ಬ್ರೆಡ್ಡು ಮತ್ತೆ ಗರಿಗರಿಯಾಗುವವರೆಗೆ ಕೈಯಾಡಿಸಿದಳು. ಯಾವ ಪುಸ್ತಕದಲ್ಲೂ ಇರದ ಸ್ಟಫಿಂಗ್. ತುಂಬಲು ಕೋಳಿಯ ಹೊಟ್ಟೆಯೂ ಬೇಕಿರಲಿಲ್ಲ.

ತಟ್ಟೆಗೆ ಕೋಳಿ ಹಾಕಿ, ಹುರಿದದ್ದನ್ನು ಬಟ್ಟಲಲ್ಲಿ ಪಕ್ಕಕ್ಕಿಟ್ಟೆವು. ಮಿಸ್ ಮೊದಲು ಒಂದು ಚೂರು ಕಡಿದರು. ಕರುಂ ಎಂದಿತು. ಹುಬ್ಬು ಮೇಲೆ ಹೋಯಿತು. ಮೆಣಸಿಗೆ ಕಣ್ಣಲ್ಲಿ ನೀರು ಬಂತು, ಸೆರಗು ಹಿಡಿದು ಆಕೆ ಹತ್ತಿರ ಹೋದರೆ ಕೈಯಿಂದ ದೂರ ತಳ್ಳಿ ಇನ್ನೊಂದು ಚಮಚ ತೆಗೆದುಕೊಂಡರು. ಕೋಳಿಯ ಗರಿಗರಿ ಚರ್ಮದ ಜೊತೆ ತಟ್ಟೆ ಪೂರ್ತಿ ಖಾಲಿಯಾಯಿತು. ನಾವಿಬ್ಬರೂ ಏಪ್ರನ್ ಇಲ್ಲದೆ ಬಾಗಿಲಲ್ಲಿ ನಿಂತಿದ್ದೆವು.

ಮಿಸ್ ಚಮಚವನ್ನು ಬಟ್ಟಲಿನ ಅಂಚಿಗೆ ಬಡಿದರು. ಟಕ್. ನಾನು ಇನ್ನೊಂದಕ್ಕೆ ಕಾದೆ.

"ಉಪ್ಪು ಕಮ್ಮಿ" ಎಂದರು. "ಮುಂದಿನ ವರ್ಷ ಸರಿಮಾಡು. ಆಂಡ್ ನೋ ಪ್ಯಾಕೆಟ್ಸ್, ಹಳೆ ಬ್ರೆಡ್ ಒಣಗಿಸ್ಕೊಂಡು ಬಾ."

"ಕಂಜೂಸ್ ಟೀಚರಮ್ಮ, ಇನ್ನೊಂದ್ ಬಡಿದ್ರೆ ಬಟ್ಲು ಒಡೆದೋಗ್ತಿತ್ತಾ?" ಎಂದಳು ಆಕೆ.

ಬ್ರೆಡ್ ಒಣಗಿಸುವ ಕಾಲ ಬರಲಿಲ್ಲ. ಕಾಫಿ ಹೂ ಬಿಟ್ಟ ವಾರ ಮಿಸ್ ನಿದ್ದೆಯಲ್ಲೇ ಹೋದರು. ಆ ವಾರ ನಾನು ಜಾರಿಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದೆ, ಹೋಗಲಾಗಲಿಲ್ಲ. ಹಾಗಾಗಿ ನಾನು ಅವರನ್ನು ಕೊನೆಯ ಸಲ ನೋಡಿದ್ದು ಆ ಕ್ರಿಸ್‌ಮಸ್ ಸಂಜೆಯೇ. ಕಾರು ತಿರುಗಿಸುವಾಗ ಕೈಬೀಸಿದೆ. ಮಿಸ್ ನೋಡಲಿಲ್ಲ. ವರಾಂಡದಲ್ಲಿ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ತಳಕ್ಕೆ ಅಂಟಿದ್ದ ಚೂರುಗಳನ್ನು ಉಗುರಿನಿಂದ ಕೆರೆದು ತಿನ್ನುತ್ತಿದ್ದರು.