ಸಾವ್ಕಾರರ ಎಮ್ಮೆ ಹಾಲು ಕುಡಿದ ಪೈಲ್ವಾನ

ನನ್ನ ಗಂಡ ಹೊಲ ಉತ್ತು ತಿಂದವನಲ್ಲ, ಕುಸ್ತಿ ಆಡಿ ತಿಂದವನು. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿದ್ದ ಸಾವ್ಕಾರರೊಬ್ಬರು ಅವನನ್ನು ಸಾಕುತ್ತಿದ್ದರು. ಯುದ್ಧದ ಕಾಲ, ಜನಕ್ಕೆ ರಾಗಿಗೇ ಕಷ್ಟ. ನಮ್ಮ ಮನೆಗೆ ತುಪ್ಪ, ಬಾದಾಮಿ ಬರೋದು. ಹಾಲಿಗೆ ಅಂತ ಒಂದು ಎಮ್ಮೆಯನ್ನೇ ತಂದು ಕಟ್ಟಿಸಿದ್ದರು. ಮೊದಲನೇ ಬಸುರಿ ನಾನು. ನನಗೂ ಒಂದು ಲೋಟ ಸಿಗೋದು.

ಮಾವಿನ ಸುಗ್ಗಿ ಮುಗಿದ ಮೇಲೆ ನಮ್ಮ ಗರಡಿಗೂ ಮುಳಬಾಗಿಲಿನ ಗರಡಿಗೂ ವರ್ಷಾವರ್ಷ ಕುಸ್ತಿ. ಆ ದಿನ ಬೀಗರು ಬೀಗರ ಮುಖ ನೋಡುತ್ತಿರಲಿಲ್ಲ. ಮಂಡಿಯಲ್ಲಿ ಟವಲಿನಡಿ ಕೈ ಹಿಡಿದು ಬೆರಳಲ್ಲೇ ಹಣ್ಣಿನ ಬೆಲೆ ಆಡುತ್ತಾರಲ್ಲ, ಬಾಜಿಯನ್ನೂ ಹಾಗೇ ಕಟ್ಟೋದು. ಕುಸ್ತಿ ತೀರ್ಪು ಹೇಳೋ ಪಂಚರ ಕೈ ಹಿಡಿದು ಹೇಳಿ ದುಡ್ಡು ಕೊಟ್ಟರೆ ಮುಗೀತು. ಯಾರ ಮೇಲೆ ಕಟ್ಟಿದ ಅಂತ ಪಕ್ಕದವನಿಗೂ ತಿಳಿಯದು.

ಕುಸ್ತಿಗೆ ಮೂರು ದಿನ ಇದೆ ಅನ್ನುವಾಗ ಗಂಡ ಊಟಕ್ಕೆ ಕೂತವನು ಮುದ್ದೆ ಮುರಿಯಲಿಲ್ಲ.

"ಏನಾಯ್ತು?" ಅಂದೆ.

"ಸಾವ್ಕಾರರು ಬೀಳು ಅಂತಾರೆ ಕಣೇ. ಮುಳಬಾಗಿಲಿನೋನ ಮೇಲೆ ಬಾಜಿ ಕಟ್ಟವ್ರೆ."

"ನಮ್ಮ ಸಾವ್ಕಾರರಾ?"

"ಅವರೇ. ಬೀಳದಿದ್ರೆ ಎಮ್ಮೆ ಹೊಡ್ಕೊಂಡು ಹೋಗ್ತಾರಂತೆ."

"ಬಿದ್ಬಿಡು. ಬೆನ್ನಿಗೆ ಮಣ್ಣಾದ್ರೆ ನಾನು ತೊಳೀತೀನಿ. ಎಮ್ಮೆ ಎಲ್ಲಿಂದ ತರ್ತೀಯ?"

"ಅವರ ಅನ್ನ ತಿಂದು ಅವರನ್ನ ಮುಳುಗಿಸೋಕಾಗಲ್ಲ. ಗರಡಿ ಮಣ್ಣು ಮುಟ್ಟಿ ಬೇಕಂತ ಬೀಳೋಕೂ ಆಗಲ್ಲ. ಸುಮ್ನಿರೇ."

ಮುಳಬಾಗಿಲಿನವರು ಕುರುಡುಮಲೆ ಗಣಪನಿಗೆ ಕಾಯಿ ಒಡೆದು, ಗಾಡಿ ಕಟ್ಟಿಕೊಂಡು ಬಂದರು. ಕುಸ್ತಿ ಮಟ್ಟಿ ಹತ್ತಿರ ಹೆಂಗಸರು ಹೋಗುವಂತಿಲ್ಲ. ನಾವು ನಾಲ್ಕು ಜನ ಮಂಡಿ ಮಾಳಿಗೆ ಹತ್ತಿದೆವು.

"ನಿನ್ನ ಗಂಡ ಇವತ್ತು ಆಕಾಶ ನೋಡ್ತಾನೆ" ಅಂದಳು ಮುಳಬಾಗಿಲಿನಿಂದ ಬಂದ ಸೊಸೆಯೊಬ್ಬಳು.

"ನೋಡ್ಲಿ ಬಿಡೇ. ನಿಮ್ಮೂರೋನ ಮುಸುಡಿಗಿಂತ ಚೆನ್ನಾಗಿರತ್ತೆ" ಅಂದೆ. ಮನಸ್ಸಲ್ಲಿ ಮಾತ್ರ, ಬಿದ್ದರೆ ಸಾಕಪ್ಪಾ ಅಂತಿದ್ದೆ.

ಮುಳಬಾಗಿಲಿನವನು ಗೂಳಿ ಇದ್ದಂಗಿದ್ದ. ಎತ್ತಿ ಒಗೆದ. ನನ್ನ ಗಂಡ ಗಾಳಿಯಲ್ಲೇ ತಿರುಗಿ ಹೊಟ್ಟೆ ಮೇಲೆ ಬಿದ್ದ. ಬೆನ್ನು ಮಣ್ಣಿಗೆ ತಾಗಿಸೋಕೆ ಮುಳಬಾಗಿಲಿನವನು ಮಗುಚಲು ನೋಡಿದ, ಆಗಲಿಲ್ಲ. ಆಮೇಲೆ ಹೇಗೋ ನನ್ನ ಗಂಡನೇ ಮೇಲೆ ಬಂದ. ಅವನ ಕತ್ತು ಒಂದು ಕೈಯಲ್ಲಿ, ಕಾಲು ಒಂದು ಕೈಯಲ್ಲಿ. ಒಂದು ಸಲ ತಳ್ಳಿದರೆ ಅವನ ಬೆನ್ನು ಮಣ್ಣಿಗೆ.

ತಳ್ಳಲಿಲ್ಲ. ಬಿಡಲೂ ಇಲ್ಲ.

"ತಿರಗೆಯ್ ರಾ!" ಅಂತ ತೆಲುಗಲ್ಲಿ, ಮಗುಚಿ ಹಾಕೋ ಅಂತ, ಕೂಗಿ ಕೂಗಿ ನಮ್ಮೂರಿನವರ ಗಂಟಲು ಬಿದ್ದುಹೋಯಿತು. ಅವನು ಒದ್ದಾಡಿದಾಗೆಲ್ಲ ನನ್ನ ಗಂಡನ ಬೆನ್ನು ನಡುಗೋದು ಮಾಳಿಗೆಗೇ ಕಾಣೋದು. ಹೊತ್ತು ಮುಳುಗುವ ತನಕ ಯಾರೂ ಬೀಳದಿದ್ದರೆ ಕುಸ್ತಿ ಸಮ, ಬಾಜಿ ವಾಪಸ್. ಅದಕ್ಕೇ ಹಿಡಿದವ್ನೆ ಅಂತ ನನಗೆ ಆಗ ಹೊಳೆಯಿತು. ಸ್ವಲ್ಪ ಹೊತ್ತಿಗೆ ಜನಕ್ಕೂ ಏನೋ ತಿಳಿದಂಗಾಯಿತು. ಎರಡೂ ಊರು ಬಾಯಿ ಮುಚ್ಚಿಕೊಂಡವು. ದೇವಸ್ಥಾನದಲ್ಲೂ ನಾನು ಅಂಥ ಮೌನ ಕಂಡಿಲ್ಲ. ಗೆಲುವು ಕೈಯಲ್ಲಿದೆ, ಅದನ್ನು ತೆಗೆದುಕೊಳ್ಳದೆ ಹಿಡಿದಿರೋಕೆ ಅಷ್ಟು ಬಲ ಬೇಕು ಅಂತ ಯಾರಿಗೆ ಗೊತ್ತಿತ್ತು? ಬೀಳಲಿ ಅಂತಿದ್ದೆನಲ್ಲ, ಅದು ನೆನಪಿಗೇ ಬರಲಿಲ್ಲ.

ಹೊತ್ತು ಮುಳುಗಿತು. ಪಂಚರು ಇಬ್ಬರನ್ನೂ ಬಿಡಿಸಿದರು. ಇಲ್ಲೇ ಸಾವ್ಕಾರರ ಲೆಕ್ಕ ತಪ್ಪಿದ್ದು. ಬಾಜಿ ಕಟ್ಟೋದು ಟವಲಿನಡಿ, ವಾಪಸ್ ಕೊಡೋದು ಹೆಸರು ಕೂಗಿ. ಮುಳಬಾಗಿಲಿನವನ ಮೇಲೆ ಕಟ್ಟಿದವರನ್ನು ಕರೆಯುವಾಗ ನಮ್ಮ ಸಾವ್ಕಾರರ ಹೆಸರು ಎರಡು ಸಲ ಕೂಗಿದರು. ಅವರು ಏಳಲಿಲ್ಲ. ಊರಿಗೆ ಊರೇ ತಿರುಗಿ ನೋಡಿತು.

ಬೆಳಿಗ್ಗೆ ಅವರ ಆಳು ಎಮ್ಮೆಗೆ ಬಂದ. ಗಂಡನ ಬೆರಳು ಇನ್ನೂ ಮಡಿಸಿದಂಗೇ ಸೆಟೆದಿದ್ದವು, ಹಗ್ಗ ಬಿಚ್ಚಲು ಬರಲಿಲ್ಲ. ನಾನೇ ಬಿಚ್ಚಿ ಕೊಟ್ಟೆ.

"ಬೈಯಲ್ವೇನೇ?" ಅಂದ.

ಬೈಯೋಕೆ ನನಗೆ ಯಾವತ್ತೂ ಮಾತು ಕಮ್ಮಿ ಬಿದ್ದಿಲ್ಲ. ಅವತ್ತು ಮಾತ್ರ ಮುದ್ದೆ ಮುರಿದು ಅವನ ಬಾಯಿಗಿಟ್ಟೆ.